ತಟ್ಟು, ಉಜ್ಜು, ಮೂಸು

ನನಗೊಂದು ಕೆಟ್ಟ ಚಾಳಿಯಿದೆ. ಯಾವ ವಸ್ತು ಕಣ್ಣಿಗೆ ಬಿದ್ದರೂ ಬೆರಳು ಮಡಿಸಿ ಒಮ್ಮೆ ತಟ್ಟಿ ನೋಡದಿದ್ದರೆ ಸಮಾಧಾನವಿಲ್ಲ. ಮೊನ್ನೆ ಹಾಸನದಲ್ಲಿ ಪರಿಚಯದವರ ಮನೆಯ ಮದುವೆಗೆ ಹೋಗಿದ್ದೆ. ಧಾರೆ ಮಂಟಪದ ನಾಲ್ಕು ಮೂಲೆಗೂ ಕೆತ್ತನೆಯ ಕಲ್ಲುಕಂಬ, ಒಂದೊಂದರ ಮೇಲೂ ಒಂದೊಂದು ಆನೆ. ಒಂದು ದಿನದ ಮದುವೆಗೆ ಇಷ್ಟು ಭಾರದ ಕಂಬವನ್ನು ಯಾರು ಹೊತ್ತು ತಂದರಪ್ಪ ಎಂದು ತಟ್ಟಿದೆ. ಡಬ್ ಅಂದಿತು. ಥರ್ಮೊಕೋಲು! ಖಾತ್ರಿ ಮಾಡಿಕೊಳ್ಳೋಣವೆಂದು ಇನ್ನೊಂದು ತಟ್ಟು ತಟ್ಟಿದ್ದಕ್ಕೆ ಆನೆಯ ಸೊಂಡಿಲು ಕಿತ್ತು ನನ್ನ ಕೈಗೇ ಬಂತು. ಹೆಣ್ಣಿನ ತಂದೆ ಓಡಿ ಬಂದು, "ತಾವು ಯಾರ ಕಡೆಯವರು?" ಎಂದು ಕೇಳಿದರು. "ಊಟದ ಕಡೆಯವನು" ಎಂದು ಸೊಂಡಿಲನ್ನು ಅವರ ಕೈಗೆ ಕೊಟ್ಟು ಪಂಕ್ತಿಯ ಕಡೆ ನಡೆದೆ.

ಈ ಚಾಳಿ ಹುಟ್ಟಿನಿಂದ ಬಂದದ್ದಲ್ಲ, ಕಸುಬಿನಿಂದ ಅಂಟಿದ್ದು. ನಾನು ಪ್ರೈಮರಿ ಸ್ಕೂಲಿನಲ್ಲಿ ಮೇಷ್ಟ್ರಾಗಿದ್ದವನು, ಅದರಲ್ಲೂ ವಸ್ತುಪಾಠದ ಮೇಷ್ಟ್ರು. ಈಗಿನವರಿಗೆ ವಸ್ತುಪಾಠವೆಂದರೆ ತಿಳಿಯದು. ಅದರಲ್ಲಿ ಘನಂದಾರಿ ವಿಷಯವೇನೂ ಇಲ್ಲ. ಇದು ಕಬ್ಬಿಣ, ಇದು ಉಣ್ಣೆ, ಇದು ಗಾಜು ಎಂದು ಐದಾರು ವರ್ಷದ ಕೂಸುಗಳಿಗೆ ಗುರುತು ಹಿಡಿಯುವುದನ್ನು ಕಲಿಸುವುದು, ಅಷ್ಟೆ. ಹುಟ್ಟಿದಾಗಿನಿಂದ ಇವನ್ನೇ ಎಳೆದಾಡಿ, ಕಚ್ಚಿ, ಒಡೆದು ಬಂದ ಮಕ್ಕಳಿಗೆ ಮತ್ತೆ ಅದನ್ನೇ ಹೇಳಿಕೊಡಲು ಸರ್ಕಾರ ನನಗೆ ಸಂಬಳ ಕೊಡುತ್ತಿತ್ತು. ನೆನೆದರೆ ಈಗಲೂ ಸರ್ಕಾರದ ಮೇಲೆ ಪ್ರೀತಿ ಉಕ್ಕುತ್ತದೆ.

ಹಾಸನದಲ್ಲಿ ತರಬೇತಿ ಆಗುವಾಗ ನಮಗೆ ಇದನ್ನು ಹೇಳಿಕೊಟ್ಟವರು ದಪ್ಪ ಕನ್ನಡಕದ ಒಬ್ಬ ಪಂಡಿತರು. "ಮಗು ಕೈಯಿಂದ ಕಲಿಯಬೇಕು, ಕಿವಿಯಿಂದ ಕಲಿಯಬೇಕು, ಮೂಗಿನಿಂದ ಕಲಿಯಬೇಕು. ಬಾಯಲ್ಲಿ ಹೇಳಿಕೊಡುವವನು ಮೇಷ್ಟ್ರೇ ಅಲ್ಲ" ಎಂದು ಅವರು ವರ್ಷಪೂರ್ತಿ ಬಾಯಲ್ಲೇ ಹೇಳಿಕೊಟ್ಟರು. ತೋರಿಸಬೇಕಾದ ವಸ್ತುಗಳೆಲ್ಲ ಗಾಜಿನ ಬೀರುವಿನಲ್ಲಿದ್ದವು. ಬೀರುವಿನ ಮೇಲೆ 'ಮುಟ್ಟಬಾರದು' ಎಂಬ ಚೀಟಿ ಅಂಟಿಸಿತ್ತು, ಬೀಗದ ಕೈ ಯಾವತ್ತೋ ಕಳೆದುಹೋಗಿತ್ತು. ಹೀಗೆ ಮುಟ್ಟಿ ಕಲಿಯುವ ವಿದ್ಯೆಯನ್ನು ಮುಟ್ಟದೆ ಕಲಿತು, ಸರ್ಟಿಫಿಕೇಟು ಹಿಡಿದು, ಅರಕಲಗೂಡಿಗೆ ಬಂದಿಳಿದೆ. ಅದು ಯುದ್ಧದ ಕಾಲ. ಸೀಮೆಎಣ್ಣೆಗೆ ಬರ, ಬಟ್ಟೆಗೆ ಬರ. ನನಗಾಗ ಇಪ್ಪತ್ತೆರಡು ವರ್ಷ, ಬುದ್ಧಿಗೂ ಬರವಿದ್ದ ವಯಸ್ಸು.

ಆ ಸ್ಕೂಲಿನಲ್ಲಿ ಬೀರುವೂ ಇರಲಿಲ್ಲ, ವಸ್ತುಗಳೂ ಇರಲಿಲ್ಲ. ಬಿಸ್ಕತ್ತಿನ ಹಳೆಯ ತಗಡಿನ ಡಬ್ಬವೊಂದನ್ನು ಸಂಪಾದಿಸಿ, ಊರೆಲ್ಲ ಅಲೆದು ನಾನೇ ತುಂಬಿದೆ. ಎತ್ತಿನ ಲಾಳ, ಹಿತ್ತಾಳೆ ಗಂಟೆಯ ನಾಲಿಗೆ, ಕಂಬಳಿಯ ಚೂರು, ಒಡೆದ ಬಳೆ, ಸೈಕಲ್ ಟ್ಯೂಬಿನ ತುಂಡು, ರೇಷ್ಮೆ ದಾರ, ಪಟಿಕ, ಕರ್ಪೂರ, ಒಂದೆಲೆ ಹೊಗೆಸೊಪ್ಪು. ಕರ್ಪೂರ ಮೊದಲ ದಿನವೇ ಮಾಯ, ಹೊಗೆಸೊಪ್ಪು ಎರಡನೆಯ ದಿನ. ಕರ್ಪೂರ ತಿಂದದ್ದು ಮಕ್ಕಳು, ಹೊಗೆಸೊಪ್ಪು ಜಗಿದದ್ದು ಹೆಡ್‌ಮೇಷ್ಟ್ರು. ಉಳಿದದ್ದರಲ್ಲಿ ಪಾಠ ಶುರು ಮಾಡಿದೆ.

"ಇದೇನ್ರೋ?"

"ಲಾಳ ಸಾ!"

"ಯಾವುದರಿಂದ ಮಾಡಿದ್ದು?"

"ಎತ್ತಿನಿಂದ ಸಾ!"

"ಕಂಬಳಿ ಎಲ್ಲಿಂದ ಬರುತ್ತೆ?"

"ಶಾಂತಿಗ್ರಾಮದ ಸಂತೆಯಿಂದ ಸಾ!"

"ಗಾಜಿನ ಉಪಯೋಗ ಏನು?"

"ಒಡೆಯಾಕೆ ಸಾ!"

ಯಾವ ಉತ್ತರವನ್ನೂ ತಪ್ಪು ಅನ್ನುವ ಹಾಗಿಲ್ಲ. ತಲೆ ಕೆಟ್ಟು ಕೂತೆ. ಕೊನೆಗೆ ಕೈಹಿಡಿದದ್ದು ಪಂಡಿತರ ಪಾಠವಲ್ಲ, ನಮ್ಮವ್ವ. ನಮ್ಮದು ಶಾಂತಿಗ್ರಾಮದ ಪಕ್ಕದ ಹಳ್ಳಿ. ಸಂತೆಯಲ್ಲಿ ಮಡಕೆ ಕೊಳ್ಳುವುದೆಂದರೆ ಅವ್ವನಿಗೆ ದೊಡ್ಡ ಸಡಗರ. ಒಂದೊಂದನ್ನೂ ಕಿವಿಯ ಹತ್ತಿರ ಹಿಡಿದು, ಬೆರಳು ಮಡಿಸಿ ತಟ್ಟಿ, ಕಣ್ಣು ಮುಚ್ಚಿ ಕೇಳುತ್ತಿದ್ದಳು. ತಣ್ ಅಂದರೆ ಒಳ್ಳೆಯದು, ಟಪ್ ಅಂದರೆ ಬಿರುಕು. "ಅಲ್ಲ ತಾಯಿ, ಮಡಕೆ ತಗತೀರೋ, ಭಜನೆಗೆ ತಾಳ ಆಕ್ತೀರೋ?" ಎಂದು ಮಾರುವವನು ರೇಗುತ್ತಿದ್ದ. ಅವಳು ಕೊಂಡ ಮಡಕೆ ಮಾತ್ರ ಒಂದೂ ಸೋರಿದ್ದಿಲ್ಲ. ಈ ವಿದ್ಯೆಯನ್ನೇ ಮಕ್ಕಳಿಗೆ ಯಾಕೆ ಕಲಿಸಬಾರದು ಅನ್ನಿಸಿತು.

ಅಂದಿನಿಂದ ನಮ್ಮ ಕ್ಲಾಸಿನ ಮಂತ್ರ ಒಂದೇ: ತಟ್ಟು, ಉಜ್ಜು, ಮೂಸು. ನಲವತ್ತು ಮಕ್ಕಳು ಒಟ್ಟಿಗೆ ಕೂಗುತ್ತಿದ್ದವು, ಒಟ್ಟಿಗೆ ತಟ್ಟುತ್ತಿದ್ದವು. ಹೆಡ್‌ಮೇಷ್ಟ್ರು ಬಾಗಿಲಿಗೆ ಬಂದು, "ಏನ್ರೀ ಇದು, ಸ್ಕೂಲೋ ಕಂಚುಗಾರರ ಬೀದಿಯೋ?" ಎಂದು ಗದರಿದರು. ನಾನು ಬಿಡಲಿಲ್ಲ. ಹಿತ್ತಾಳೆಯನ್ನು ಹೆಬ್ಬೆರಳಿನಿಂದ ಉಜ್ಜಿ ಮೂಸಿದರೆ ಒಂದು ವಾಸನೆ ಬರುತ್ತದೆ, ಚಿನ್ನಕ್ಕೆ ಆ ವಾಸನೆಯಿಲ್ಲ ಎಂದು ಕಲಿಸಿದೆ. ತೋರಿಸಲು ಚಿನ್ನ ನನ್ನಲ್ಲಿ ಎಲ್ಲಿತ್ತು, ಮಕ್ಕಳು ನನ್ನ ಮಾತನ್ನೇ ನಂಬಿಕೊಂಡವು. ರೇಷ್ಮೆಯ ಎಳೆ ಸುಟ್ಟರೆ ಕೂದಲು ಸುಟ್ಟ ವಾಸನೆ, ನಕಲಿ ರೇಷ್ಮೆ ಸುಟ್ಟರೆ ಕಾಗದ ಸುಟ್ಟ ವಾಸನೆ ಎಂದು ಕಡ್ಡಿ ಗೀರಿ ತೋರಿಸಿದೆ. ಪಟಿಕ, ಕಲ್ಲುಸಕ್ಕರೆ, ಕಲ್ಲುಪ್ಪು ಈ ಮೂರನ್ನು ಪಕ್ಕಪಕ್ಕ ಇಟ್ಟಾಗ ಮಾತ್ರ ಸಿಕ್ಕಿಬಿದ್ದೆ. ತಟ್ಟಿದರೂ ಮೂಸಿದರೂ ಗೊತ್ತಾಗದು. "ಹಾಗಾದರೆ ನೆಕ್ಕಿ" ಎಂದುಬಿಟ್ಟೆ. ಅದು ನಾನು ಮಾಡಿದ ತಪ್ಪು. ಅವತ್ತಿನಿಂದ ಅರಕಲಗೂಡಿನ ಮಕ್ಕಳು ನೆಕ್ಕದೆ ಬಿಟ್ಟ ವಸ್ತುವಿಲ್ಲ.

ಈ ವಿದ್ಯೆಯಲ್ಲಿ ನನ್ನನ್ನೂ ಮೀರಿಸಿದವಳು ಗಿರಿಜೆ. ಆರು ವರ್ಷ, ಮುಂದಿನ ಎರಡು ಹಲ್ಲು ಬಿದ್ದಿದ್ದವು. ಊರಿನ ದೊಡ್ಡ ಬೆಲ್ಲದ ವ್ಯಾಪಾರಿ ಗುರುಸಿದ್ದಪ್ಪನವರ ಕೊನೆಯ ಮಗಳು. ಕಣ್ಣು ಕಟ್ಟಿ ಕೈಗೆ ಏನು ಕೊಟ್ಟರೂ ಹೇಳುತ್ತಿದ್ದಳು. ಅವಳ ವಿದ್ಯೆ ಸ್ಕೂಲಿಗೇ ನಿಂತಿದ್ದರೆ ನನ್ನ ಕಥೆ ಬೇರೆಯೇ ಆಗುತ್ತಿತ್ತು. ಒಂದು ಮಧ್ಯಾಹ್ನ ಗಿರಿಜೆಯನ್ನು ಮುಂದೆ ತಳ್ಳಿಕೊಂಡು ಅವಳ ದೊಡ್ಡಕ್ಕ ಮಹದೇವಿ ಕ್ಲಾಸಿನ ಬಾಗಿಲಿಗೆ ಬಂದು ನಿಂತಳು. ಹದಿನೆಂಟು ವರ್ಷದ ಹುಡುಗಿ. ಮದುವೆಯಾಗದ ಹೆಣ್ಣು ಪರಗಂಡಿನ ಜೊತೆ ನೇರವಾಗಿ ಮಾತಾಡುವ ಕಾಲವಲ್ಲ. ಅದಕ್ಕೆ ಅವಳು ಗೋಡೆ ನೋಡುತ್ತಾ ತಂಗಿಗೆ ಹೇಳಿದಳು.

"ಗಿರ್ಜಿ, ಲಾಟೀನು ನೆಕ್ಕು ಅಂತ ಯಾವ ಪುಸ್ತಕದಾಗೆ ಬರ್ದದೆ, ನಿಮ್ ಮೇಷ್ಟ್ರನ್ನ ಕೇಳು."

ಗಿರಿಜೆ ನನ್ನ ಕಡೆ ತಿರುಗಿ, "ಸಾ, ಲಾಟೀನು ನೆಕ್ಕು ಅಂತ ಯಾವ ಪುಸ್ತಕದಾಗೆ ಬರ್ದದೆ ಅಂತೆ" ಎಂದಳು.

"ಗಿರಿಜೆ, ಕಲಿಯೋ ಮಗು ನೆಕ್ಕೇ ನೆಕ್ಕುತ್ತೆ ಅಂತ ನಿಮ್ಮಕ್ಕನಿಗೆ ಹೇಳು."

"ಇರೋ ಸೀಮೆಎಣ್ಣೆ ದೀಪಕ್ಕೇ ಸಾಲ್ದು, ಇವಳ ನಾಲ್ಗೆಗೆ ಎಲ್ಲಿಂದ ತರಾನ ಅಂತ ಕೇಳು. ಅದೂ ಓಗ್ಲಿ. ನೆನ್ನೆ ರಾಮನಾಥಪುರದಿಂದ ಒಗೆಸೊಪ್ಪಿನ ಸಾವ್ಕಾರ್ರು ಬಂದಿದ್ರು. ಅವರ ಬೋಳು ತಲೆ ತಟ್ಟಿ, ಕಿವಿ ಇಟ್ಟು ಕೇಳಿ, ಟೊಳ್ಳು ಅಂದ್ಬುಟ್ಟವ್ಳೆ. ಅಪ್ಪಾಜಿ ಅವರ ಕಾಲು ಇಡ್ಕಳಾದೊಂದು ಬಾಕಿ."

ಇಷ್ಟುದ್ದದ ಮಾತನ್ನು ಒಪ್ಪಿಸಲು ಗಿರಿಜೆಗೆ ಆಗಲಿಲ್ಲ. "ಸಾ, ಟೊಳ್ಳೇ ಆಗಿತ್ತು" ಎಂದಷ್ಟೇ ಹೇಳಿದಳು. ನನಗೆ ನಗು ತಡೆಯಲಾಗಲಿಲ್ಲ. ನನ್ನ ನಗು ಕೇಳಿ ಮಹದೇವಿಗೂ ನಗು ಬಂತು. ಸೆರಗಿನಲ್ಲಿ ಬಾಯಿ ಮುಚ್ಚಿಕೊಂಡಳು, ಕಣ್ಣು ಮುಚ್ಚುವುದನ್ನು ಮರೆತಳು. ಆ ಕಣ್ಣು ನೋಡಿದ್ದೇ ನೋಡಿದ್ದು, ನಾನು ಕೆಟ್ಟೆ.

ಮರುದಿನ ನಾನು ಮಾಡಿದ್ದನ್ನು ಹೇಳಿದರೆ ಮೇಷ್ಟ್ರ ಕುಲಕ್ಕೇ ಅವಮಾನ. ಮಕ್ಕಳಿಗೆ ಮಸಿಯ ಪಾಠ ಮಾಡಿದೆ. "ಮನೆಗೆ ಹೋಗಿ ಅಟ್ಟದ ಮಸಿ, ಒಲೆಯ ಮಸಿ, ದೀಪದ ಮಸಿ ಮೂರನ್ನೂ ಉಜ್ಜಿ ನೋಡಿ ಬನ್ನಿ" ಎಂದೆ. ಎಣಿಸಿದಂತೆಯೇ ಮಹದೇವಿ ದೂರು ಹೊತ್ತು ಬಂದಳು. ಮುಂದಿನ ವಾರ ಎಣ್ಣೆ ಪದಾರ್ಥಗಳ ಪಾಠ, ಮತ್ತೆ ದೂರು. ಅದರ ಮುಂದಿನ ವಾರ ಅಂಟಿನ ಪಾಠ. ಹೀಗೆ ನಾಲ್ಕು ತಿಂಗಳು ಅರಕಲಗೂಡಿನ ಮನೆಗಳು ಗಲೀಜಾದದ್ದು ನನ್ನ ಪ್ರೀತಿಯ ದೆಸೆಯಿಂದ. ಕೊನೆಗೆ ಅವ್ವನಿಗೆ ಬಾಯಿಬಿಟ್ಟು ಹೇಳಿದೆ. ಅವ್ವ ಚನ್ನರಾಯಪಟ್ಟಣದಲ್ಲಿದ್ದ ತನ್ನ ತಮ್ಮನಿಗೆ ಹೇಳಿ ಕಳಿಸಿದಳು.

ಆ ಸೋದರಮಾವನ ವಿಷಯ ಒಂದು ಮಾತು ಹೇಳಲೇಬೇಕು. ಇಲ್ಲದ್ದನ್ನು ಉಂಟೆಂದು ತೋರಿಸುವುದರಲ್ಲಿ ಅವರನ್ನು ಬ್ರಹ್ಮನೂ ಸೋಲಿಸಲಾರ. ಅವರು ಬಂದವರೇ ನನ್ನನ್ನು ಮೇಲಿನಿಂದ ಕೆಳಗಿನವರೆಗೆ ನೋಡಿ ತಲೆ ಚಚ್ಚಿಕೊಂಡರು. "ಸಾವ್ಕಾರರ ಮನೆ ಕಣಯ್ಯಾ. ಈ ವೇಷದಾಗೆ ಓದ್ರೆ ಮಜ್ಜಿಗೆ ಕೊಟ್ಟು ಇತ್ಲ ಬಾಗ್ಲಿಂದ ಕಳಿಸ್ತಾರೆ. ಸುಮ್ಕೆ ನಾನು ಯೋಳ್ದಂಗೆ ಕೇಳು" ಎಂದರು. ತಮ್ಮ ಮಗನ ಮಿರಿಮಿರಿ ಮಿನುಗುವ ಕೋಟು ತಂದರು, ಅದಕ್ಕೆ ಹೊಳೆಯುವ ಗುಂಡಿಗಳು. ಜರಿಪೇಟ ಅವರದೇ. ನನ್ನ ತಲೆಗೆ ಅದು ಮೂಗಿನವರೆಗೂ ಇಳಿಯುತ್ತಿದ್ದುದರಿಂದ ಒಳಗೆ ಹಳೆಯ ಪತ್ರಿಕೆ ತುರುಕಿದರು. ಇಷ್ಟಕ್ಕೇ ನಿಲ್ಲಿಸಿದ್ದರೆ ಚೆನ್ನಾಗಿತ್ತು.

ನಮ್ಮವರಲ್ಲಿ ಇಷ್ಟಲಿಂಗವನ್ನು ಕೊರಳಲ್ಲಿ ಕಟ್ಟಿಕೊಳ್ಳುತ್ತೇವೆ. ಉಳ್ಳವರು ಬೆಳ್ಳಿಯ ಕರಡಿಗೆಯಲ್ಲಿಟ್ಟು ಕಟ್ಟಿಕೊಳ್ಳುತ್ತಾರೆ, ಇಲ್ಲದವರು ಬಟ್ಟೆಯಲ್ಲಿ ಸುತ್ತಿ. ನಾನು ಬಟ್ಟೆಯವನು. ಮಾವ ತಮ್ಮ ತಂದೆಯ ಬೆಳ್ಳಿ ಕರಡಿಗೆಯನ್ನು ಪೆಟ್ಟಿಗೆಯಿಂದ ತೆಗೆದರು. ಸತ್ತವರ ಲಿಂಗ ಅವರ ಅಂಗೈಯಲ್ಲೇ ಮಣ್ಣಿಗೆ ಹೋಗುತ್ತದೆ, ಕರಡಿಗೆ ಮನೆಯಲ್ಲಿ ಉಳಿಯುತ್ತದೆ. "ನಿನ್ ಲಿಂಗ ಇದ್ರಾಗೆ ಇಟ್ಕೊ" ಎಂದರು ಮಾವ. ಅವ್ವ ಸುತರಾಂ ಒಪ್ಪಲಿಲ್ಲ. "ಗುರುಗಳ ಕೇಳ್ದೆ ಲಿಂಗ ಕದಲಿಸಬಾರ್ದು ಕಣೋ. ಅದು ಅಂಗಿ ಒಳಗೇ ಇರ್ಲಿ. ಇದು ಬರೀ ಕಾಣಾಕೆ ಮ್ಯಾಲೆ ಇರ್ಲಿ" ಎಂದು ರಾಜಿ ಮಾಡಿದಳು. ನನಗೂ ಅದರಲ್ಲಿ ತಪ್ಪು ಕಾಣಲಿಲ್ಲ. ಖಾಲಿ ಕರಡಿಗೆಯನ್ನು ಎದೆಯ ಮೇಲೆ ಇಳಿಬಿಟ್ಟುಕೊಂಡು, ಅವ್ವ ಮತ್ತು ಮಾವನ ನಡುವೆ ಸಾಹುಕಾರರ ಮನೆಗೆ ನಡೆದೆ.

ಪಡಸಾಲೆಯಲ್ಲಿ ಜಮಖಾನ ಹಾಸಿತ್ತು. ಗುರುಸಿದ್ದಪ್ಪನವರು ಕೈಮುಗಿದು ಕೂರಿಸಿದರು. ಬೆಳ್ಳಿ ತಟ್ಟೆಯಲ್ಲಿ ಬಾಳೆಹಣ್ಣು, ಸಜ್ಜಿಗೆ ಬಂತು. ಮಹದೇವಿ ಒಳಬಾಗಿಲ ಮರೆಯಲ್ಲಿದ್ದಳು, ಸೀರೆಯ ಅಂಚು ಕಾಣುತ್ತಿತ್ತು. ಆದರೆ ಆ ಮನೆಯಲ್ಲಿ ಹೌದು ಅಲ್ಲ ಅನ್ನುವವರು ಗುರುಸಿದ್ದಪ್ಪನವರಲ್ಲ, ಅವರ ತಂದೆ. ಎಂಬತ್ತರ ಹಿರಿಯರು, ಮೂರು ಹೊತ್ತು ಲಿಂಗಪೂಜೆ ಮಾಡುವವರು. ಅವರು ಕಂಬಕ್ಕೆ ಒರಗಿ ಕೂತಿದ್ದರು. ಎರಡು ಕಣ್ಣಿಗೂ ಪೊರೆ ಬಂದು ಏನೂ ಕಾಣುತ್ತಿರಲಿಲ್ಲವೆಂದು ನನಗೆ ತಿಳಿದದ್ದು ಅಲ್ಲಿ ಕೂತ ಮೇಲೆ. ಬೆಳಗಿನಿಂದ ಪಟ್ಟ ಶೃಂಗಾರವೆಲ್ಲ ಹೊಳೆಗೆ ಸುರಿದ ಹುಣಿಸೆಹಣ್ಣು. ಮಾವ ಅಷ್ಟಕ್ಕೆಲ್ಲ ಸೋಲುವವರಲ್ಲ. "ರೇಷ್ಮೆ ಕೋಟು, ಚಿನ್ನದ ಗುಂಡಿ, ಜರಿಪೇಟ ಯಜಮಾನ್ರೇ. ನಮ್ ಉಡುಗ ಮನೇಲಿ ದಿನಾ ಆಕ್ಕಳಾದೇ ಇದು" ಎಂದು ಬಾಯಲ್ಲೇ ತೋರಿಸತೊಡಗಿದರು.

"ತಾವು ಸುಮ್ಕಿರಿ ಸ್ವಾಮಿ. ನನ್ ಕಣ್ಣು ಬ್ಯಾರೆ ಐತೆ" ಎಂದರು ಹಿರಿಯರು. "ಗಿರ್ಜವ್ವಾ, ಬಾ ಇಲ್ಲಿ. ಗಂಡು ಎಂಗವ್ರೆ, ಏನ್ ಆಕ್ಕಂಡವ್ರೆ, ಸರಿಯಾಗಿ ನೋಡಿ ಯೋಳು."

ಗಿರಿಜೆ ಬಂದು ನನ್ನೆದುರು ಕೂತಳು. ನಾನು ಹೇಳಿಕೊಟ್ಟಂತೆಯೇ, ಮುಖ ನೋಡಲಿಲ್ಲ, ವಸ್ತುವನ್ನು ನೋಡಿದಳು. ಬೇಡವೆಂದು ಕಣ್ಣು ಮಿಟುಕಿಸಿದೆ.

"ತಾತ, ಮೇಷ್ಟ್ರ ಕಣ್ಣಾಗೆ ಏನೋ ಬಿದ್ದದೆ."

"ಅದ ಆಮ್ಯಾಕೆ ತಗಿಯಾನ. ಕೋಟು ನೋಡು."

ತೋಳನ್ನು ಎರಡು ಬೆರಳಲ್ಲಿ ಹಿಡಿದು ಉಜ್ಜಿದಳು. "ರೇಷ್ಮೆ ಅಲ್ಲ ತಾತ. ಜಾರ್ತದೆ, ಆದ್ರೆ ಬೆಚ್ಚಗಿಲ್ಲ. ಒಂದೆಳೆ ಸುಟ್ಟು ಮೂಸುದ್ರೆ ಖಾತ್ರಿಯಾಯ್ತದೆ. ಬೆಂಕಿಕಡ್ಡಿ ತರ್ಲಾ?"

"ಅಯ್ಯೋ ಶಿವನೇ, ಬ್ಯಾಡ ಕಣವ್ವಾ! ಕೋಟೊಳಗೆ ನನ್ ಮಗ ಅವ್ನೆ!" ಎಂದು ಅವ್ವ ಕೂಗಿಕೊಂಡಳು.

ಗಿರಿಜೆ ಗುಂಡಿಗೆ ಕೈ ಹಾಕಿದಳು. ಹೆಬ್ಬೆರಳಿನಿಂದ ಉಜ್ಜಿದಳು, ಬೆರಳನ್ನು ಮೂಸಿದಳು. "ಇತ್ತಾಳೆ ತಾತ" ಎಂದಳು. "ಆ ಮಗೀಗೇನ್ ಗೊತ್ತು ಯಜಮಾನ್ರೇ" ಎಂದು ಮಾವ ರೇಗಿದರು. ಹಿರಿಯರು ಕೇಳಿದರು, "ಇದ ನಿಂಗೆ ಯಾರು ಕಲ್ಸಿದ್ದವ್ವ?"

"ನಮ್ ಮೇಷ್ಟ್ರು."

"ಅಂಗಾರೆ ಸರಿಯಾಗೇ ಕಲ್ಸಿರ್ತಾರೆ. ಮುಂದಕ್ಕೆ ನೋಡು."

ಪೇಟ ತಟ್ಟಿದಳು, ಬರಬರ ಅಂದಿತು. "ಜರಿ ನಿಜ. ಒಳಗೆ ಕಾಗ್ದ ತುರುಕವ್ರೆ" ಎಂದಳು. ಆಮೇಲೆ ಕರಡಿಗೆ. ಬೆರಳು ಮಡಿಸಿ, ನಾನು ಕಲಿಸಿದ ಹಾಗೆಯೇ, ಮೆಲ್ಲಗೆ ತಟ್ಟಿದಳು. ಟಿಣ್. "ಇದು ಬೆಳ್ಳಿ ತಾತ." ಮಾವ ದೊಡ್ಡ ಉಸಿರು ಬಿಟ್ಟರು. ಗಿರಿಜೆಗೆ ಸಮಾಧಾನವಾಗಲಿಲ್ಲ. ಕಿವಿಯನ್ನು ನನ್ನ ಎದೆಗೇ ಇಟ್ಟು ಇನ್ನೊಮ್ಮೆ ತಟ್ಟಿ, ಅಲ್ಲಾಡಿಸಿದಳು.

"ಆದ್ರೆ ಟೊಳ್ಳು. ಒಳಗೆ ಏನೂ ಇಲ್ಲ."

ಹಿತ್ತಾಳೆ ಗುಂಡಿಗೆ ಕ್ಷಮೆಯುಂಟು, ನಕಲಿ ಕೋಟಿಗೂ ಉಂಟು. ಲಿಂಗವಿಲ್ಲದ ಕೊರಳಿಗೆ ಆ ಮನೆಯಲ್ಲಿ ಕುಡಿಯುವ ನೀರೂ ಹುಟ್ಟದು. ಹಿರಿಯರು ಕಂಬ ಬಿಟ್ಟು ನೆಟ್ಟಗೆ ಕೂತರು. "ಲಿಂಗ ಎಲ್ಲಯ್ಯಾ?" ಎಂದರು. ಅಲ್ಲಿಯವರೆಗೂ ಇದ್ದ ಬಹುವಚನ ಹೊರಟುಹೋಗಿತ್ತು. ಗುಂಡಿ ಬಿಚ್ಚಿ, ಅಂಗಿಯೊಳಗಿಂದ ಬಟ್ಟೆಯ ಗಂಟನ್ನು ಹೊರಗೆಳೆದು, "ಇಲ್ಲೈತೆ ಯಜಮಾನ್ರೇ" ಎಂದೆ.

ಇನ್ನೊಬ್ಬರ ಲಿಂಗವನ್ನು ಯಾರೂ ಮುಟ್ಟುವುದಿಲ್ಲ. ಹಿರಿಯರು ಚಾಚಿದ ಕೈಯನ್ನು ಹಿಂದಕ್ಕೆ ತೆಗೆದುಕೊಂಡು, "ಗಿರ್ಜವ್ವಾ, ನೀನೂ ಮುಟ್ಬ್ಯಾಡ. ದೂರದಿಂದ ಮೂಸು. ಇಬೂತಿ ವಾಸನೆ ಬತ್ತದಾ?" ಎಂದರು.

ಅವಳು ಬಗ್ಗಿ ಮೂಸಿದಳು. ಮತ್ತೆ ಮೂಸಿದಳು. "ಇಲ್ಲ ತಾತ. ಸೀಮೆಸುಣ್ಣದ ವಾಸನೆ."

"ದಿನಾ ಪೂಜೆ ಮಾಡ್ತೀಯೇನಯ್ಯಾ?"

ಇನ್ನು ಸುಳ್ಳು ಹೇಳಿ ಉಪಯೋಗವಿರಲಿಲ್ಲ. ಹೇಳಿದರೆ ಗಿರಿಜೆ ಅದನ್ನೂ ಮೂಸುತ್ತಾಳೆ. "ನೆನಪಾದ ದಿನ" ಎಂದೆ.

ಮಾವ ಎದ್ದು ನಿಂತರು. "ನಡಿಯಯ್ಯಾ. ಎಣ್ಣು ತೋರ್ಸಿ ಅಂತ ಬಂದ್ರೆ ಗಂಡಿನ ಮೈ ತಡಕ್ತಾರೆ. ಎಂಥಾ ಮನೆ ಇದು!" ಎಂದರು. ಆದರೆ ಗಿರಿಜೆಯ ಪಾಠ ಮುಗಿದಿರಲಿಲ್ಲ. ಎದುರಿಗಿದ್ದ ಸಜ್ಜಿಗೆಯ ತಟ್ಟೆಯನ್ನೂ ತಟ್ಟಿದಳು.

"ಇದೂ ಬೆಳ್ಳೀನೆ ತಾತ. ಆದ್ರೆ ನಮ್ದಲ್ಲ. ಎದುರುಮನೆ ಗೌರತ್ತೇದು."

ಗುರುಸಿದ್ದಪ್ಪನವರಿಗೆ ಕೆಮ್ಮು ಹತ್ತಿತು. "ಗುರುಸಿದ್ದಾ!" ಎಂದರು ಹಿರಿಯರು. "ಅಲ್ಲ ಅಪ್ಪಾಜಿ, ಬಂದೋರ ಮುಂದೆ ಇತ್ತಾಳೆ ತಟ್ಟೆ ಎಂಗೆ ಇಡಾದು ಅಂತ..." ಎಂದು ಅವರು ತಡವರಿಸಿದರು. ಮಾವ ಸದ್ದಿಲ್ಲದೆ ಮತ್ತೆ ಕೂತರು. ಹಿರಿಯರ ಹೊಟ್ಟೆ ಕುಲುಕಿದ್ದನ್ನು ನಾನು ನೋಡಿದೆ, ನಗುವೋ ಸಿಟ್ಟೋ ತಿಳಿಯಲಿಲ್ಲ.

"ಇವರೆಲ್ಲ ಅತ್ಲಾಗಿರ್ಲಿ ಮೇಷ್ಟ್ರೇ. ಓದ್ಕಂಡಿರೋರು ನೀವು. ಯಾಕೆ ಇಷ್ಟೆಲ್ಲಾ?"

ಯಾಕೆಂದರೆ ಏನು ಹೇಳಲಿ? "ನಂದು ಅಂತ ಇರೋದು ಎರಡು ಪಂಚೆ, ಒಂದು ಅಂಗಿ, ಒಂದು ಬಿಸ್ಕತ್ತಿನ ಡಬ್ಬ ಯಜಮಾನ್ರೇ. ಅದನ್ನ ತೋರ್ಸಿ ಕೇಳಿದ್ರೆ ಕೊಡಲ್ಲ ಅಂತ ಭಯ ಆಯ್ತು. ನಂಗೆ ಮಹದೇವೀನೇ ಬೇಕು. ಬ್ಯಾರೆ ಯಾರೂ ಬ್ಯಾಡ" ಎಂದುಬಿಟ್ಟೆ. ಗಂಡಾದವನು ಹೆಣ್ಣಿನ ಹೆಸರು ಹಿಡಿದು, ಅವಳೇ ಬೇಕೆಂದು, ಹತ್ತು ಜನರೆದುರು ಅನ್ನುವುದುಂಟೆ? ಅವ್ವ ಬಾಯ ಮೇಲೆ ಕೈ ಇಟ್ಟುಕೊಂಡಳು. ಮಾವ ಸೂರು ನೋಡಿದರು.

ಹಿರಿಯರು ಒಳಬಾಗಿಲ ಕಡೆ ಮುಖ ಮಾಡಿದರು. "ಮಾದೇವಿ, ಕೇಳಿಸ್ಕಂಡ್ಯಾ? ಇದ್ದುದ್ದೆಲ್ಲಾ ಈಚೆಗೆ ಬಂತು. ನಂಗೆ ತೋಚ್ತಾ ಇಲ್ಲ. ಬಾಳೋಳು ನೀನು. ಏನಂತೀಯವ್ವ?"

ಹೆಣ್ಣನ್ನು ಯಾರೂ ಹಾಗೆ ಕೇಳುತ್ತಿರಲಿಲ್ಲ. ಸೀರೆಯ ಅಂಚು ಅಲ್ಲಾಡಲಿಲ್ಲ. ಅವಳು ಒಲ್ಲೆ ಅಂದರೆ ನಾಳೆ ಇದೇ ಊರಿನಲ್ಲಿ, ಇದೇ ಗಿರಿಜೆಗೆ ಪಾಠ ಹೇಳಬೇಕು. ಅವಳ ಅಕ್ಕನನ್ನು ಇನ್ನೊಬ್ಬ ಕರೆದುಕೊಂಡು ಹೋಗುವುದನ್ನು ನೋಡಬೇಕು. ವರ್ಗಕ್ಕೆ ಅರ್ಜಿ ಬರೆಯುವುದು ಹೇಗೆಂದು ಮನಸ್ಸಿನಲ್ಲೇ ಒಕ್ಕಣೆ ಶುರು ಮಾಡಿದ್ದೆ.

"ಆ ಕೋಟು ಬಿಚ್ಚಾಕೆ ಯೋಳಿ ತಾತ" ಎಂದಿತು ಒಳಗಿನ ದನಿ. "ಯಾರ್ದೋ ಬಟ್ಟೆ ಆಕ್ಕಂಡು ಕುಂತೋರಿಗೆ ನಾನೇನ್ ಉತ್ರ ಕೊಡ್ಲಿ?"

ಇಲ್ಲಿ ನಿಮ್ಮಿಂದಲೂ ಒಂದು ವಿಷಯ ಮುಚ್ಚಿಟ್ಟಿದ್ದೇನೆ. ನನ್ನ ಒಂದೇ ಅಂಗಿಗೆ ಹಿಂಭಾಗವಿರಲಿಲ್ಲ. ಒಗೆದು ಒಗೆದು ಬೆನ್ನು ಪೂರಾ ಹರಿದುಹೋಗಿತ್ತು. ಕೊರಳು, ತೋಳು, ಮುಂಭಾಗ ಮಾತ್ರ ನೆಟ್ಟಗಿದ್ದವು. ಸ್ಕೂಲಿನಲ್ಲಿ ಮೇಲೊಂದು ಶಲ್ಯ ಹೊದ್ದು ಮರೆಮಾಡುತ್ತಿದ್ದೆ. ಬಿಸಿಲಲ್ಲೂ ಶಲ್ಯ ಬಿಡದ್ದನ್ನು ನೋಡಿ ಹೆಡ್‌ಮೇಷ್ಟ್ರು ಅದನ್ನು ಗಾಂಭೀರ್ಯವೆಂದು ತಿಳಿದಿದ್ದರು. "ಬ್ಯಾಡ ಬ್ಯಾಡ, ಥಂಡಿ ಗಾಳಿ" ಎಂದು ಮಾವ ನನ್ನ ತೋಳು ಹಿಡಿದರು. ನಾನು ಬಿಡಿಸಿಕೊಂಡೆ. ಪೇಟ ತೆಗೆದಿಟ್ಟೆ. ಕರಡಿಗೆ ತೆಗೆದು ಮಾವನ ಮಡಿಲಲ್ಲಿಟ್ಟೆ. ಕೋಟು ಬಿಚ್ಚಿ, ಬೆನ್ನನ್ನು ಗೋಡೆಗೆ ಅಂಟಿಸಿ ನಿಂತೆ. ಗಿರಿಜೆ ಗೋಡೆಗೂ ನನಗೂ ನಡುವೆ ತಲೆ ತೂರಿಸಿದಳು.

"ಅಂಗಿ ಮೇಷ್ಟ್ರದೇ ತಾತ. ಅತ್ತಿ ಬಟ್ಟೆ. ಆದ್ರೆ ಇಂದುಗಡೆ ಇಲ್ಲ."

"ಇಂದುಗಡೆ ಇಲ್ಲ ಅಂದ್ರೆ?"

"ಮುಂದುಗಡೆ ಅಂಗಿ ಐತೆ. ಇಂದುಗಡೆ ಬೆನ್ನೈತೆ."

ಯಾರೂ ನಗಲಿಲ್ಲ. ನಕ್ಕಿದ್ದರೆ ಎಷ್ಟೋ ಚೆನ್ನಾಗಿತ್ತು. ಅವ್ವ ಸೆರಗಿನಲ್ಲಿ ಕಣ್ಣೊರೆಸಿಕೊಂಡಳು. ಭೂಮಿ ಬಾಯಿಬಿಟ್ಟರೆ ಇಳಿದುಬಿಡೋಣವೆಂದು ನೆಲ ನೋಡುತ್ತಿದ್ದೆ. ಆಗ ಒಳಗಿನ ದನಿ ಮತ್ತೆ ಬಂತು, ಈ ಸಲ ಬಾಗಿಲಿಗೆ ಇನ್ನೂ ಹತ್ತಿರದಿಂದ.

"ಅಂಗಿ ಬಿಚ್ಚಿ ಕೊಡಾಕೆ ಯೋಳಿ ತಾತ. ನನ್ ಸೀರೆ ತುಂಡೊಂದೈತೆ. ಬೆನ್ನಿಗೆ ಆಕಿ ಹೊಲ್ದು ಕೊಡ್ತೀನಿ."

ಹಿರಿಯರು ಕಂಬಕ್ಕೆ ಒರಗಿದರು. "ಅಲ್ಲಿಗಾಯ್ತು" ಎಂದರು. "ಅಂಗಿ ಹೊಲಿಯೋ ಮಾತು ಬಂದ್ಮ್ಯಾಕೆ ಇನ್ ನಮ್ದೇನೈತೆ. ಗುರುಸಿದ್ದಾ, ಎಲೆ ಅಡಿಕೆ ತರ್ಸು. ಮೇಷ್ಟ್ರೇ, ನಾಳೆಯಿಂದ ಪೂಜೆ ತಪ್ಪುಸ್ಬ್ಯಾಡಿ. ಮೂಸಾಕೆ ಗಿರ್ಜೀನ ಕಳಿಸ್ತೀನಿ."

ಅಂಗಿಯನ್ನು ಗಿರಿಜೆ ಒಳಗೆ ಒಯ್ದಳು. ನಾನು ಬರಿಮೈಯಲ್ಲಿ ಕೂತು ಎಲೆ ಅಡಿಕೆ ಜಗಿದೆ. ನಾಚಿಕೆಯಾಗಲಿಲ್ಲ ಅಂದರೆ ಸುಳ್ಳು, ಆದರೆ ಅಂಥ ಸಂತೋಷವನ್ನು ಅದಕ್ಕೆ ಮುಂಚೆ ನಾನು ಕಂಡಿರಲಿಲ್ಲ. ಅರ್ಧ ಗಂಟೆಯಲ್ಲಿ ಅಂಗಿ ಹೊರಗೆ ಬಂತು. ಮುಂದೆ ಮಾಸಿದ ಬಿಳುಪು, ಹಿಂದೆ ಕೆಂಪು ಸೀರೆಯ ತುಂಡು, ಅದರ ಮೇಲೆ ಅಂಗೈಯಗಲದ ಹಳದಿ ಹೂಗಳು. ಹಾಕಿಕೊಂಡೆ. ದಾರಿಯಲ್ಲಿ ಹೊದ್ದುಕೋ ಎಂದು ಮಾವ ಕೋಟು ಚಾಚಿದರು, ನಾನು ಕೈ ಒಡ್ಡಲಿಲ್ಲ. ಹಾಡಹಗಲಲ್ಲಿ, ಮೇಲೆ ಏನೂ ಹೊದೆಯದೆ, ಅರಕಲಗೂಡಿನ ಪೇಟೆಬೀದಿಯ ಆ ತುದಿಯಿಂದ ಈ ತುದಿಗೆ ನಡೆದೆ. ಮಾವ ನನ್ನ ಗುರುತೇ ಇಲ್ಲದವರಂತೆ ಇಪ್ಪತ್ತು ಮಾರು ಹಿಂದೆ ಬರುತ್ತಿದ್ದರು. ಅಂಗಡಿಯವರು ತಕ್ಕಡಿ ಕೆಳಗಿಟ್ಟು ಎದ್ದು ನಿಂತು ನನ್ನ ಬೆನ್ನು ನೋಡಿದರು. ನೋಡಲಿ ಅಂತಲೇ ನಾನು ನಿಧಾನವಾಗಿ ನಡೆದೆ.